ಒಂದು ಗಾನಮುದ್ರಿಕೆಯ ಚರಿತ್ರೆ

ಮಾರ್ಗವನ್ನು ತುಳಿದವರು ಒಬ್ಬರು, ಅದಕ್ಕೆ ಹೆಸರಿಟ್ಟವರು ಮತ್ತೊಬ್ಬರು ಎಂಬುದು ಕಲೆಗಳ ಚರಿತ್ರೆಯಲ್ಲಿ ಅಪರೂಪವಲ್ಲ. ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ನಗರದ ‘ರೈಟ್ಸ್ ಆಫ್ ಸ್ಪ್ರಿಂಗ್’ ಎಂಬ ಗಾಯಕಗೋಷ್ಠಿಯ ವೃತ್ತಾಂತವು ಇದಕ್ಕೆ ನಿದರ್ಶನವಾಗಿದೆ.

ಆ ನಗರದಲ್ಲಿ ೧೯೮೦ರ ಸುಮಾರಿಗೆ ‘ಹಾರ್ಡ್‌ಕೋರ್’ ಎಂಬ ಸಂಗೀತವು ತಲೆಯೆತ್ತಿತು. ವಿದ್ಯುತ್ ಗಿಟಾರಿನ ಕರ್ಕಶನಾದ, ಅತಿದ್ರುತವಾದ ಲಯ, ಒಂದೆರಡು ನಿಮಿಷಗಳಲ್ಲಿ ಮುಗಿದುಹೋಗುವ ಕೋಪದ ಹಾಡು, ಇವೇ ಅದರ ಲಕ್ಷಣಗಳು. ದೊಡ್ಡ ಕಂಪೆನಿಗಳ ಹಂಗಿಲ್ಲದೆ ತಮ್ಮ ಹಾಡುಗಳನ್ನು ತಾವೇ ಪ್ರಕಟಿಸಬೇಕೆಂದು ಇಯಾನ್ ಮೆಕೈ, ಜೆಫ್ ನೆಲ್ಸನ್ ಎಂಬ ತರುಣರು ಅದೇ ವರ್ಷ ‘ಡಿಸ್ಕಾರ್ಡ್’ ಸಂಸ್ಥೆಯನ್ನು ಸ್ಥಾಪಿಸಿದರು. ಆದರೆ ಕೆಲವೇ ವರ್ಷಗಳಲ್ಲಿ ಹಾಡಿನ ಕೋಪವು ಸಭೆಗೂ ಇಳಿಯಿತು. ಕೇಳಬಂದವರು ಹೊಡೆದಾಡುವುದು ವಾಡಿಕೆಯಾಯಿತು. ಅನ್ಯಾಯವನ್ನು ಪ್ರತಿಭಟಿಸಲು ಹುಟ್ಟಿದ ಕಲೆಯೇ ಹಿಂಸೆಗೆ ಆಶ್ರಯವಾದರೆ ಅದನ್ನು ತ್ಯಜಿಸಬೇಕೋ, ತಿದ್ದಬೇಕೋ?

ತಿದ್ದಲು ಹೊರಟವರಲ್ಲಿ ಅಗ್ರಗಣ್ಯರು ೧೯೮೪ರಲ್ಲಿ ಕಲೆತ ಈ ನಾಲ್ವರು: ಹಾಡುಗಾರ ಗೈ ಪಿಚೊಟ್ಟೊ, ಗಿಟಾರು ನುಡಿಸುವ ಎಡ್ಡಿ ಜಾನಿ, ಬೇಸ್ ಗಿಟಾರಿನ ಮೈಕ್ ಫೆಲೋಸ್, ಡ್ರಮ್ ಬಾರಿಸುವ ಬ್ರೆಂಡನ್ ಕ್ಯಾಂಟಿ. ೧೯೧೩ರಲ್ಲಿ ಪ್ಯಾರಿಸ್ಸಿನ ರಂಗಮಂದಿರದಲ್ಲಿ ಗದ್ದಲವೆಬ್ಬಿಸಿದ ಸ್ಟ್ರವಿನ್‌ಸ್ಕಿಯ ನೃತ್ಯಕೃತಿಯ ಹೆಸರನ್ನೇ ಇವರು ತಮ್ಮ ಗೋಷ್ಠಿಗೆ ಇಟ್ಟುಕೊಂಡರು.

ಪೊಟೋಮ್ಯಾಕ್ ನದಿಯ ಆಚೆದಡದ ಆರ್ಲಿಂಗ್ಟನ್ನಿನಲ್ಲಿ ಡಾನ್ ಜಿಯೆಂಟಾರಾ ಎಂಬವರು ತಮ್ಮ ಮನೆಯ ನೆಲಮಾಳಿಗೆಯಲ್ಲಿ ‘ಇನ್ನರ್ ಇಯರ್’ ಎಂಬ ಧ್ವನಿಮುದ್ರಣಶಾಲೆಯನ್ನು ನಡೆಸುತ್ತಿದ್ದರು. ೧೯೮೫ರ ಫೆಬ್ರವರಿಯಲ್ಲಿ, ಮೆಕೈಯವರ ಮೇಲ್ವಿಚಾರಣೆಯಲ್ಲಿ, ಗೋಷ್ಠಿಯ ಹಾಡುಗಳು ಅಲ್ಲಿ ಮುದ್ರಿತವಾದವು. ಗೋಷ್ಠಿಯ ಹೆಸರನ್ನೇ ಹೊತ್ತ ಹನ್ನೆರಡು ಹಾಡುಗಳ ತಟ್ಟೆಯು ಜೂನ್ ತಿಂಗಳಲ್ಲಿ ಹೊರಬಿದ್ದಿತು. ಹಿಂದಿನ ವೇಗವೂ ಅಬ್ಬರವೂ ಇಲ್ಲಿ ಮಾಯವಾಗಲಿಲ್ಲ. ಪರರ ಮೇಲೆ ಎರಗುತ್ತಿದ್ದ ದೃಷ್ಟಿಯು ಅಂತರಂಗದತ್ತ ತಿರುಗಿತು, ಅಷ್ಟೆ. ಕಳೆದುಹೋದ ಕಾಲ, ಮುರಿದ ನಂಟು, ಪಶ್ಚಾತ್ತಾಪ ಇವೇ ಹಾಡಿನ ವಸ್ತುಗಳಾದವು. ಮುಷ್ಟಿಬಲವೇ ಪೌರುಷವೆಂದು ಎಣಿಸಿದ್ದ ಸಭೆಯ ಮುಂದೆ ಕಂಠ ಬಿರಿಯುವಂತೆ ತನ್ನ ದುಃಖವನ್ನು ಹಾಡಿಕೊಳ್ಳುವುದು ಸಾಮಾನ್ಯ ಧೈರ್ಯವಲ್ಲ.

ಈ ಅಂತರ್ಮುಖತೆಯು ಲೋಕವಿಮುಖತೆಯಾಗಲಿಲ್ಲ. ‘ಕ್ರಾಂತಿಯ ಬೇಸಗೆ’ ಎಂದು ಹೆಸರಾದ ಅದೇ ಋತುವಿನಲ್ಲಿ ಆ ಊರಿನ ತರುಣರು ದಕ್ಷಿಣ ಆಫ್ರಿಕದ ರಾಯಭಾರ ಕಚೇರಿಯೆದುರು ವಾದ್ಯಗಳನ್ನು ಬಾರಿಸಿ ವರ್ಣಭೇದನೀತಿಯನ್ನು ಖಂಡಿಸಿದರು.

ಗೋಷ್ಠಿಯು ಬಹುಕಾಲ ಬಾಳಲಿಲ್ಲ. ಇಪ್ಪತ್ತಕ್ಕೂ ಕಡಿಮೆ ಕಚೇರಿಗಳನ್ನು ನಡೆಸಿ ೧೯೮೬ರ ಆದಿಯಲ್ಲಿ ಚದರಿತು. ಭಾವಪ್ರಧಾನವೆಂಬ ಅರ್ಥದಲ್ಲಿ ಇವರ ಶೈಲಿಗೆ ಅನ್ಯರು ‘ಎಮೋ’ ಎಂಬ ಹೆಸರನ್ನು ಅಂಟಿಸಿದರು. ಪಿಚೊಟ್ಟೊ ಅದನ್ನು ಎಂದೂ ಒಪ್ಪಲಿಲ್ಲ. ಭಾವವಿಲ್ಲದ ಸಂಗೀತವಾದರೂ ಯಾವುದು? ಮುಂದೆ ಅವರೂ ಕ್ಯಾಂಟಿಯೂ ಮೆಕೈಯವರು ೧೯೮೭ರಲ್ಲಿ ಕಟ್ಟಿದ ‘ಫುಗಾಜಿ’ ಗೋಷ್ಠಿಯನ್ನು ಸೇರಿದರು. ಸಭೆಯಲ್ಲಿ ಪುಂಡಾಟವಾದರೆ ಆ ಗೋಷ್ಠಿಯು ವಾದನವನ್ನೇ ನಿಲ್ಲಿಸಿ ಪುಂಡರನ್ನು ಎಚ್ಚರಿಸುತ್ತಿತ್ತು.

ಹೆಸರು ದೇಶದೇಶಗಳಿಗೆ ಹಬ್ಬಿ ಅನೇಕ ವೇಷಗಳನ್ನು ತೊಟ್ಟಿತು. ಆದರೆ ಆ ತಟ್ಟೆಯ ನಿಜವಾದ ಸಂತತಿಯು ಹೆಸರಿನಲ್ಲಿಲ್ಲ, ಸಭೆಯನ್ನು ತಿದ್ದಿದ ಈ ನಡತೆಯಲ್ಲಿದೆ.