ದೂರವಾಣಿನಗರದ ತಂತಿ, ಜಾಲಹಳ್ಳಿಯ ನಿಸ್ತಂತು

ಕಳೆದ ದೀಪಾವಳಿ ಮುಗಿದ ವಾರ ಕೃಷ್ಣರಾಜಪುರದಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆ. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಆಸ್ಟ್ರೇಲಿಯಾದಿಂದ ಅವನ ಮಗಳ ಕರೆ ಬಂತು. ಅವಳೇ ಹೋದ ವರ್ಷ ತಂದುಕೊಟ್ಟಿದ್ದ ನಿಸ್ತಂತು ಹೆಡ್‌ಫೋನನ್ನು ಅಣ್ಣ ತಲೆಗೆ ಏರಿಸಿಕೊಂಡು ಮಾತಿಗೆ ಕುಳಿತ. ಎರಡು ನಿಮಿಷವಾಗಿರಬೇಕು, ಮುಖ ಕಳೆಗುಂದಿತು. "ಯಾಕೆ ಮಗು, ಕಾರು ಯಾಕೆ ಮಾರಿದೆ? ಏನಾದರೂ ತೊಂದರೆಯೇ?" ಎಂದ. ಅತ್ತ ಕಡೆ ಅವಳು ನಗುತ್ತಿದ್ದಳು. ಅವಳು ಹೇಳಿದ್ದು "ಸಾರು ಮಾಡಿದೆ" ಎಂದು.

ನಾವೆಲ್ಲರೂ ನಕ್ಕೆವು, ಅಣ್ಣ ನಗಲಿಲ್ಲ. ಅತ್ತಿಗೆ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದ ಮಾತು ನನ್ನನ್ನು ಚಿಂತೆಗೆ ಹಚ್ಚಿತು. ಈಚೆಗೆ ಅವನು ಮಗಳ ಮಾತಿಗೆಲ್ಲ ಬರಿದೆ "ಹ್ಞೂಂ, ಹ್ಞೂಂ" ಎನ್ನುತ್ತಾನಂತೆ. ಕರೆ ಬಂದೊಡನೆ ಫೋನನ್ನು ಇವರ ಕೈಗೆ ಕೊಟ್ಟು ಹಿತ್ತಲಿಗೆ ನಡೆದುಬಿಡುತ್ತಾನಂತೆ. ಎಂಬತ್ತೆರಡು ವರ್ಷದ ತಂದೆ ತನ್ನೊಡನೆ ಮಾತು ಬಿಡುತ್ತಿದ್ದಾರೆಂದು ಮಗಳಿಗೂ ಬೇಸರ ಹುಟ್ಟಿದೆ. ನಮ್ಮ ಬಂಧುಗಳಿಗೆ ಈ ಅಣ್ಣ ಎಂಥ ಮಾತುಗಾರನೆಂದು ಗೊತ್ತೇ ಇದೆ. ಜೀವಮಾನವೆಲ್ಲ ಟೆಲಿಫೋನು ತಯಾರಿಸಿದವನಿಗೇ ಟೆಲಿಫೋನು ಬೇಡವಾಗಿತ್ತು.

ಅಣ್ಣ 1964ರಲ್ಲಿ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಗೆ ಸೇರಿದ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆಯೆಂದು ಹೆಸರಾದ ಆ ಸಂಸ್ಥೆ 1948ರಲ್ಲಿ ಆರಂಭವಾಯಿತು. ಮದರಾಸು ರಸ್ತೆಯ ಆ ಪ್ರದೇಶಕ್ಕೆ 'ದೂರವಾಣಿನಗರ' ಎಂಬ ಹೆಸರು ಬಂದದ್ದೇ ಅದರಿಂದ. ಇಂದು ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಿಗೆ ಹೋಗುವ ಯುವಕರು ಆ ಹೆಸರಿನ ಅರ್ಥವನ್ನು ಯೋಚಿಸದೆಯೇ ದಾಟಿಹೋಗುತ್ತಾರೆ. ಅಣ್ಣನ ಕೆಲಸ ಫೋನಿನ ಕಿವಿಗೊಡುವ ಭಾಗವನ್ನು ಜೋಡಿಸುವುದು: ಒಂದು ಅಯಸ್ಕಾಂತ, ಅದಕ್ಕೆ ಸುತ್ತಿದ ತಂತಿ, ಎದುರಿಗೆ ಒಂದು ತೆಳುವಾದ ಲೋಹದ ಬಿಲ್ಲೆ. ತಂತಿಯಲ್ಲಿ ವಿದ್ಯುತ್ತು ಏರಿಳಿದಂತೆ ಬಿಲ್ಲೆ ಕಂಪಿಸುತ್ತದೆ, ಬಿಲ್ಲೆ ಕಂಪಿಸಿದಂತೆ ಗಾಳಿ ಕಂಪಿಸುತ್ತದೆ. ಹೆಡ್‌ಫೋನೆಂಬುದು ಹುಟ್ಟಿದ್ದು ಈ ಟೆಲಿಫೋನಿನ ಕಿವಿಯಿಂದಲೇ.

ನಮ್ಮ ಭಾವ (ಹಿರಿಯ ಅಕ್ಕನ ಯಜಮಾನರು, ಈಗಿಲ್ಲ) ಊರಿನ ಇನ್ನೊಂದು ತುದಿಯವರು. 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ, ಎಂದರೆ ಬಿ.ಇ.ಎಲ್.ನಲ್ಲಿ, ಅವರಿಗೆ ಉದ್ಯೋಗ. ಸೈನ್ಯಕ್ಕೆ ನಿಸ್ತಂತು ಯಂತ್ರಗಳನ್ನು ತಯಾರಿಸಲೆಂದು ಹುಟ್ಟಿದ ಕಾರ್ಖಾನೆ ಅದು. 1961ರಲ್ಲಿ ರೇಡಿಯೊ ವಾಲ್ವುಗಳು, 1962ರಲ್ಲಿ ಜರ್ಮೇನಿಯಂ ಸಾಧನಗಳು, 1964ರಲ್ಲಿ ಆಕಾಶವಾಣಿಗೆ ಬೇಕಾದ ಟ್ರಾನ್ಸ್‌ಮಿಟರುಗಳು ಅಲ್ಲಿ ತಯಾರಾಗತೊಡಗಿದವು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ 'ಆಕಾಶವಾಣಿ'ಯನ್ನು ಆರಂಭಿಸಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಹೊರದೇಶದ ಯಂತ್ರವನ್ನು ಅವಲಂಬಿಸಬೇಕಾಗಿತ್ತು. ಮೂವತ್ತು ವರ್ಷದೊಳಗೆ ಅದೇ ನಾಡಿನಲ್ಲಿ ಅಂಥ ಯಂತ್ರ ತಯಾರಾಗುತ್ತಿತ್ತೆಂಬುದು ಭಾವನವರ ಹೆಮ್ಮೆ.

ಹಬ್ಬಕ್ಕೆ ಇಬ್ಬರೂ ಒಂದೆಡೆ ಸೇರಿದರೆ ಜಗಳ ನಿಶ್ಚಿತ. "ಇನ್ನೆಷ್ಟು ದಿನ ತಂತಿ ಎಳೆಯುತ್ತೀಯಯ್ಯಾ? ಮುಂದಿನ ಕಾಲ ನಿಸ್ತಂತುವಿನದು" ಎಂದು ಭಾವ ಕೆಣಕುವರು. ಅಣ್ಣನ ಉತ್ತರ ಸಿದ್ಧವಾಗಿರುತ್ತಿತ್ತು: "ಆಗಲಿ ಭಾವ, ಆದರೆ ನಿಮ್ಮ ಸಿಪಾಯಿ ಆ ನಿಸ್ತಂತು ಕೇಳುವುದಕ್ಕೆ ಕಿವಿಗೆ ಏನು ಹಾಕಿಕೊಂಡಿದ್ದಾನೆ ನೋಡಿ. ಅದರಲ್ಲಿ ತಂತಿ ಇದೆಯೋ ಇಲ್ಲವೋ?" ಹೋಳಿಗೆಯ ಎಲೆಯ ಮುಂದೆ ಕುಳಿತು ಕೇಳುತ್ತಿದ್ದ ನನಗೆ ಆಗ ಇದು ಕುಚೋದ್ಯವೆನಿಸಿತ್ತು. ವಿಜ್ಞಾನವನ್ನು ಪಾಠ ಮಾಡತೊಡಗಿದ ಮೇಲೆ ತಿಳಿಯಿತು, ಚರಿತ್ರೆ ಅಣ್ಣನ ಪಕ್ಷದಲ್ಲಿತ್ತು.

ಆಚಾರ್ಯ ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ಗೋಡೆಗಳಾಚೆಗೆ ವಿದ್ಯುತ್ಕಾಂತ ಅಲೆಗಳನ್ನು ಕಳಿಸಿ ಗಂಟೆ ಬಾರಿಸಿ ತೋರಿಸಿದರು. 1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲೆಂಡಿನಲ್ಲಿ ಕುಳಿತ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಯಿಂದ ಬಂದ ಮೂರು ಚುಕ್ಕೆಗಳ ಸಂಕೇತವನ್ನು ಕೇಳಿದೆನೆಂದು ಸಾರಿದರು. ಅದನ್ನು ಕೇಳಿದ್ದು ಗಾಳಿಪಟಕ್ಕೆ ಕಟ್ಟಿದ ತಂತಿಯಿಂದ ಇಳಿದು ಬಂದ ಸಂಕೇತವನ್ನು ಟೆಲಿಫೋನಿನ ಕಿವಿಗೆ ಕೊಟ್ಟು. (ಅಲ್ಲಿ ಬಳಸಿದ ಪಾದರಸದ ಸಾಧನದ ಮೂಲ ಬೋಸರದೇ ಎಂದು 1998ರಲ್ಲಿ ವಿದ್ವತ್ ಪತ್ರಿಕೆಯೊಂದರಲ್ಲಿ ವಾದ ಮಂಡನೆಯಾಗಿದೆ.) 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯೆಲ್ ಬಾಲ್ಡ್ವಿನ್ ಎಂಬಾತ ತನ್ನ ಮನೆಯ ಅಡುಗೆಕೋಣೆಯಲ್ಲಿ ತಯಾರಿಸಿದ ಹೆಡ್‌ಫೋನುಗಳನ್ನು ಕೊಂಡದ್ದು ಆ ದೇಶದ ನೌಕಾದಳ, ಅದೂ ನಿಸ್ತಂತು ಸಂದೇಶ ಆಲಿಸುವುದಕ್ಕಾಗಿ. ಹೆಡ್‌ಫೋನಿನ ದಪ್ಪ ಪ್ಲಗ್ಗು ಬಂದದ್ದು ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನ ಹಲಗೆಯಿಂದ. ನಾವು ಕಂಡ ಸಣ್ಣ ಪ್ಲಗ್ಗು ಅದರ ಮರಿ. ಹೀಗೆ ಹಲವು ದಶಕಗಳ ಕಾಲ ನಿಸ್ತಂತು ಬೇಕೆಂದವನು ಮೊದಲು ತಂತಿಯನ್ನು ತಲೆಗೆ ಕಟ್ಟಿಕೊಳ್ಳಬೇಕಾಗಿತ್ತು.

ಪೀಣ್ಯದ ಬಳಿಯ ನಮ್ಮ ಶಾಲೆಯಲ್ಲಿ ಓದಿದವರಿಗೆ ಒಂದು ಹಳೆಯ ಹೆಡ್‌ಫೋನು ನೆನಪಿರಬಹುದು. ಭಾನುವಾರದ ಗುಜರಿ ಬಜಾರಿನಲ್ಲಿ ಕೊಂಡದ್ದು, ಎರಡು ಸಾವಿರ ಓಮ್‌ನದು, ಕಿವಿ ನೋಯುವಷ್ಟು ಬಿಗಿ. ಒಂದು ಜರ್ಮೇನಿಯಂ ಡಯೋಡು, ತಂತಿಯ ಸುರುಳಿ, ಕಿಟಕಿಯಿಂದ ಬೇವಿನ ಮರಕ್ಕೆ ಕಟ್ಟಿದ ಏರಿಯಲ್ಲು, ಬೋರ್‌ವೆಲ್ಲಿನ ಕೊಳವೆಗೆ ಸುತ್ತಿದ ಭೂಸಂಪರ್ಕ ಇಷ್ಟನ್ನು ಜೋಡಿಸಿದರೆ ಬ್ಯಾಟರಿಯಿಲ್ಲದೆಯೇ ಬೆಂಗಳೂರು ಆಕಾಶವಾಣಿ ಕ್ಷೀಣವಾಗಿ ಕೇಳುತ್ತಿತ್ತು. ಸುತ್ತಲಿನ ಪ್ರೆಸ್ ಶಾಪುಗಳ ಧಡಧಡ ಶಬ್ದದ ನಡುವೆ ನೀವು ಒಬ್ಬೊಬ್ಬರಾಗಿ ಬಂದು ಉಸಿರು ಬಿಗಿಹಿಡಿದು ಆಲಿಸುತ್ತಿದ್ದಿರಿ. ಒಬ್ಬ ಹುಡುಗ ಮಾತ್ರ ಆಲಿಸಿದ ಮೇಲೆ ಹೆಡ್‌ಫೋನನ್ನು ತಿರುಗಿಸಿ ನೋಡುತ್ತ ಕೇಳಿದ: "ಮಿಸ್, ಇಷ್ಟೊಂದು ವೈರ್ ಇದೆಯಲ್ಲ, ಇದಕ್ಕೆ ವೈರ್‌ಲೆಸ್ ಅಂತ ಯಾಕೆ ಅಂತಾರೆ?" ಗಂಟೆ ಹೊಡೆಯುವುದರಲ್ಲಿತ್ತು. "ಅಧಿಕಪ್ರಸಂಗ ಬೇಡ, ಕೂತುಕೋ" ಎಂದುಬಿಟ್ಟೆ. ಮೂವತ್ತೆರಡು ವರ್ಷದ ವೃತ್ತಿಯಲ್ಲಿ ಹಾಗೆ ಕೂರಿಸಿದ ಪ್ರಶ್ನೆಗಳೆಷ್ಟೋ.

ಆ ಹುಡುಗ ಈಗ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಚಿಪ್ಪುಗಳ ವಿನ್ಯಾಸ ಮಾಡುವ ಹಿರಿಯ ಎಂಜಿನಿಯರು. 1970ರ ದಶಕದಲ್ಲಿ ಆರ್.ಕೆ. ಬಾಳಿಗರು ಕಿಯೋನಿಕ್ಸ್ ಸಂಸ್ಥೆಯ ಮೂಲಕ ಕೋಣಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ಆ ನಗರಿಯನ್ನು ಕಲ್ಪಿಸಿದಾಗ ಹಲವರು ನಕ್ಕಿದ್ದರಂತೆ. ಅಣ್ಣನ ಸಂಗತಿಯನ್ನು ಹೇಳಿ, ಯಾವ ಹೆಡ್‌ಫೋನು ಕೊಳ್ಳಲೆಂದು ಶಿಷ್ಯನನ್ನೇ ಕೇಳಿದೆ. ಅವನು ನನಗೆ ಪಾಠ ಮಾಡಿದ ರೀತಿ ಹೀಗೆ.

ಬ್ಲೂಟೂತ್ ಎಂಬ ಅಲ್ಪದೂರದ ನಿಸ್ತಂತು ವಿಧಾನದ ಕೆಲಸ 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಆರಂಭವಾಯಿತು. ಹೆಸರು ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ 'ನೀಲಿಹಲ್ಲ'ನದು. ಅದರ ಹಾದಿ ಕಿರಿದು. ಸಿ.ಡಿ.ಯಲ್ಲಿರುವ ಸಂಗೀತಕ್ಕೆ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್ಟುಗಳು ಬೇಕು. ಬ್ಲೂಟೂತಿನ ಮೂಲ ಸಂಕೋಚನ ವಿಧಾನ ಅದನ್ನು ಸುಮಾರು 3.28 ಲಕ್ಷಕ್ಕೋ ಅದಕ್ಕೂ ಕಡಿಮೆಗೋ ಇಳಿಸಿ ಸಾಗಿಸುತ್ತದೆ. ಕಿವಿ ಗಮನಿಸದಂಥ ಅಂಶಗಳನ್ನು ಹುಡುಕಿ ಬಿಟ್ಟುಬಿಡುವುದು ಅದರ ಜಾಣತನ. ಎಲ್‌ಡ್ಯಾಕ್ ಎಂಬ ಈಚಿನ ವಿಧಾನ 9.9 ಲಕ್ಷದವರೆಗೆ ಹೋಗುತ್ತದೆ. ಆದರೆ ಫೋನು, ಹೆಡ್‌ಫೋನು ಎರಡೂ ಅದನ್ನು ಬಲ್ಲವಾಗಿರಬೇಕು. ತಂತಿಗೆ ಈ ಗೊಡವೆಯಿಲ್ಲ.

"ಹಾಗಾದರೆ ತಂತಿಯೇ ಉತ್ತಮವೆನ್ನು" ಎಂದೆ. "ಅಷ್ಟು ಬೇಗ ಮಾರ್ಕು ಕೊಡಬೇಡಿ ಮಿಸ್" ಎಂದ. ಬರೀ ಸಂಗೀತ ಕೇಳುವಾಗ ನನ್ನ ವಯಸ್ಸಿನ ಕಿವಿಗೆ ಈ ನಷ್ಟ ಗೊತ್ತಾಗುವುದೇ ಕಷ್ಟವಂತೆ. ಒಳಗಿನ ಕಂಪಿಸುವ ಬಿಲ್ಲೆ ಚೆನ್ನಾಗಿದ್ದು, ಮೆತ್ತೆ ಕಿವಿಯ ಸುತ್ತ ಸಂದಿಲ್ಲದಂತೆ ಕೂತರೆ ನಿಸ್ತಂತುವೂ ಸೊಗಸಾಗಿಯೇ ನುಡಿಯುತ್ತದೆ. ನೂರು ರೂಪಾಯಿಯ ತಂತಿಯ ಹೆಡ್‌ಫೋನು ತಂತಿಯಿದೆಯೆಂಬ ಕಾರಣಕ್ಕೇ ಒಳ್ಳೆಯದಾಗದು. ಕೊನೆಯ ಅರ್ಧ ಅಂಗುಲದ ಕೆಲಸ ಇಂದಿಗೂ ಅಯಸ್ಕಾಂತ, ಸುರುಳಿ, ಬಿಲ್ಲೆಗಳದೇ. ಅಣ್ಣ 1964ರಲ್ಲಿ ಜೋಡಿಸುತ್ತಿದ್ದುದರ ಮೊಮ್ಮಕ್ಕಳು ಅವು.

ತೊಂದರೆ ಇರುವುದು ಮಾತಿನಲ್ಲಿ. ಸಂಗೀತ ಏಕಮುಖವಾಗಿ ಬರುತ್ತದೆ. ಕರೆ ಬಂದು ಹೆಡ್‌ಫೋನಿನ ಮೈಕು ಎಚ್ಚರಗೊಂಡೊಡನೆ ಅದೇ ಕಿರುಹಾದಿಯಲ್ಲಿ ಎರಡು ದಿಕ್ಕಿನ ಸಂಚಾರ ಆಗಬೇಕಲ್ಲ? ಆಗ ಬ್ಲೂಟೂತು ಬೇರೊಂದು ವಿಧಾನಕ್ಕೆ ಜಾರುತ್ತದೆ. ಅದರ ಹಳೆಯ ರೂಪದಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಮಾತ್ರ ಅಳೆಯುವುದರಿಂದ 4,000 ಹರ್ಟ್ಸ್‌ಗಿಂತ ಮೇಲಿನದೆಲ್ಲ ಕಳೆದುಹೋಗುತ್ತದೆ. ಹಳೆಯ ಟೆಲಿಫೋನು ಒಯ್ಯುತ್ತಿದ್ದುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗೆ ಎಂದು ನಾನೇ ಪಾಠ ಮಾಡಿದ್ದೆ. ಎಂದರೆ ಹೊಸ ಕಾಲದ ಹೆಡ್‌ಫೋನು ಮಾತಿಗೆ ತೊಡಗಿದೊಡನೆ ದೂರವಾಣಿನಗರದ ಕಪ್ಪು ಫೋನಿನ ಮಟ್ಟಕ್ಕೆ ಇಳಿಯುವ ಸಂಭವವಿದೆ! ಅದರ ಅಗಲವನ್ನು ಇಮ್ಮಡಿಗೊಳಿಸಿದ ರೂಪ ಬಂದು ಬಹಳ ವರ್ಷವಾದರೂ ಎಲ್ಲ ಕರೆಗಳಲ್ಲಿ, ಎಲ್ಲ ಜೋಡಿಗಳಲ್ಲಿ ಅದು ದೊರೆಯುವುದಿಲ್ಲ. 2020ರಲ್ಲಿ ಪ್ರಕಟವಾದ ಎಲ್‌ಇ ಆಡಿಯೊ ಎಂಬ ಹೊಸ ವ್ಯವಸ್ಥೆ ಈ ಕೊರತೆಯನ್ನು ಬಹುಮಟ್ಟಿಗೆ ನೀಗುತ್ತದೆಯಂತೆ. ಅಣ್ಣನ ಹೆಡ್‌ಫೋನು ಅದಕ್ಕೆ ಮುಂಚಿನದು.

ಇಲ್ಲಿಗೆ ಸಾರು ಕಾರಾದ ಮರ್ಮ ಬಿಡಿಸಿತು. ಕನ್ನಡದ ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿರುತ್ತದೆ. 'ಸ', 'ಶ'ಗಳಂಥ ವ್ಯಂಜನಗಳ ಗುರುತು ಬಹಳ ಮೇಲಿರುತ್ತದೆ, 'ಸ'ಕಾರದ ಸೀತ್ಕಾರ 4,000 ಹರ್ಟ್ಸ್ ದಾಟಿಯೇ ಹೆಚ್ಚು. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದೂ ಆ ಮೇಲಿನ ಕಂಪನಗಳನ್ನೇ. ಅಣ್ಣನ ಕಿವಿ ಬಿಟ್ಟುಕೊಟ್ಟದ್ದರಲ್ಲಿ ಅಳಿದುಳಿದದ್ದನ್ನು ನಿಸ್ತಂತು ಕರೆಯ ಕಿರುಹಾದಿ ಕತ್ತರಿಸುತ್ತಿತ್ತು. ಅವನಿಗೆ ತಲುಪುತ್ತಿದ್ದುದು 'ಆರು' ಮಾತ್ರ. ಅದರ ಹಿಂದೆ ಯಾವ ವ್ಯಂಜನ ಸೇರಿಸಬೇಕೆಂಬುದು ಪಾಪ, ಅವನ ಊಹೆ.

ನಾನು ಎಸ್.ಪಿ. ರಸ್ತೆಗೆ ಹೋಗಿ ಕಿವಿಯನ್ನು ಪೂರ್ತಿ ಮುಚ್ಚುವಂಥ, ಮೈಕು ಇರುವ, ತಂತಿಯ ಹೆಡ್‌ಫೋನೊಂದನ್ನು ಕೊಂಡೆ. 2016ರಲ್ಲಿ ಐಫೋನು ಪ್ಲಗ್ಗಿನ ರಂಧ್ರವನ್ನು ಕೈಬಿಟ್ಟ ಮೇಲೆ ಉಳಿದ ಅನೇಕ ಕಂಪನಿಗಳೂ ಅದೇ ಹಾದಿ ಹಿಡಿದಿವೆ. ಅಣ್ಣನ ಫೋನಿನಲ್ಲೂ ಅದು ಇರಲಿಲ್ಲವಾಗಿ ಗೇಣುದ್ದದ ಇನ್ನೊಂದು ಜೋಡಣೆ ಬೇಕಾಯಿತು. ಪೀಣ್ಯದಿಂದ ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಕೃಷ್ಣರಾಜಪುರಕ್ಕೆ ಹೋಗುವಾಗ ಡಬ್ಬಿಯ ತುಂಬ ಕಿವಿಯಲ್ಲಿ ಬಿಳಿಯ ಗುಂಡಿಗಳನ್ನು ಸಿಕ್ಕಿಸಿಕೊಂಡ ಹುಡುಗ ಹುಡುಗಿಯರು. ನನ್ನ ಚೀಲದಿಂದ ಇಣುಕುತ್ತಿದ್ದ ಕಪ್ಪು ತಂತಿಯನ್ನು ಒಬ್ಬಳು ಕನಿಕರದಿಂದ ನೋಡಿದಂತಿತ್ತು.

ಹೆಡ್‌ಫೋನು ಶ್ರವಣ ಸಾಧನವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಣ್ಣನಿಗೆ ಅದೇ ವಾರ ಕಿವಿ ಪರೀಕ್ಷೆಯನ್ನೂ ಮಾಡಿಸಿದೆವು. ಸಾಧನ ಹಾಕಿಕೊಳ್ಳಲು ಒಪ್ಪುವನೋ ಇಲ್ಲವೋ, ಅದು ಇನ್ನೊಂದು ಕದನ. ಮನೆಯಲ್ಲಿ ಹಿರಿಯರಿರುವವರು ಹೆಡ್‌ಫೋನಿನ ಸದ್ದು ಏರಿಸುವುದೇ ಪರಿಹಾರವೆಂದು ತಿಳಿಯಬೇಡಿ. ಪ್ರೆಸ್ ಶಾಪಿನಲ್ಲಿ ದುಡಿಯುವ ನನ್ನ ಶಿಷ್ಯರಿಗೂ ಇದೇ ಮಾತು: ಹಗಲೆಲ್ಲ ದಣಿದ ಕಿವಿಗೆ ಬಸ್ಸಿನಲ್ಲಿ ಮತ್ತೆ ಗಟ್ಟಿಯಾಗಿ ಹಾಡು ಹಾಕಬೇಡಿ.

ಮಧ್ಯಾಹ್ನ ಕರೆ ಬಂತು. ಅಣ್ಣ ಹೊಸ ಹೆಡ್‌ಫೋನು ಹಾಕಿಕೊಂಡು ಅಳುಕುತ್ತಲೇ "ಹ್ಞೂಂ" ಎಂದ. ಸ್ವಲ್ಪ ಹೊತ್ತಿಗೆ "ಅವನಿಗೆ ಶೀತ ಇದ್ದರೆ ಈಜಿಗೆ ಯಾಕೆ ಕಳಿಸುತ್ತೀಯೇ?" ಎಂದು ಮೊಮ್ಮಗನ ವಿಚಾರದಲ್ಲಿ ಮಗಳನ್ನು ಗದರಿದ. ಅತ್ತಿಗೆ ನನ್ನ ಮುಖ ನೋಡಿದರು. ನಲವತ್ತು ನಿಮಿಷ ಮಾತು ನಡೆಯಿತು. ನಡುವೆ ಎದ್ದು ನಡೆಯಹೋಗಿ ತಂತಿ ಕುರ್ಚಿಯ ಕೈಗೆ ಸಿಕ್ಕಿ ಫೋನು ನೆಲಕ್ಕೆ ಬಿದ್ದದ್ದೂ ಆಯಿತು. ಭಾವ ಇದ್ದಿದ್ದರೆ ಆ ಕ್ಷಣವನ್ನು ಬಿಡುತ್ತಿರಲಿಲ್ಲ. ನಿಸ್ತಂತುವನ್ನು ಈಗ ಅತ್ತಿಗೆ ಸಂಜೆ ತಾರಸಿಯ ಮೇಲೆ ನಡೆಯುತ್ತ ದೇವರನಾಮ ಕೇಳುವುದಕ್ಕೆ ಇಟ್ಟುಕೊಂಡಿದ್ದಾರೆ, ಅವರಿಗದು ಬಹಳ ಹಿಡಿಸಿದೆ.

ಮಾತು ಮುಗಿದ ಮೇಲೆ ಅಣ್ಣ ಕನ್ನಡಕ ಏರಿಸಿ ಪ್ಲಗ್ಗಿನ ಕತ್ತನ್ನು ಬಗ್ಗಿಸಿ ನೋಡಿದ. "ಇಲ್ಲಿ ಬಿಗಿ ಸಾಲದು, ಆರು ತಿಂಗಳಿಗೆ ಒಳಗಿನ ಎಳೆ ತುಂಡಾಗುತ್ತದೆ" ಎಂದು ತೀರ್ಪು ಕೊಟ್ಟ. ಆಮೇಲೆ ಅತ್ತಿಗೆಯಿಂದ ದಪ್ಪ ನೂಲು ಕೇಳಿ ತರಿಸಿಕೊಂಡು, ಕಿಟಕಿಯ ಬೆಳಕಿಗೆ ಕುಳಿತು, ಸುತ್ತಿಗೆ ಸುತ್ತು ಒತ್ತಿ ಕಟ್ಟತೊಡಗಿದ.