ದೇವರಕಾಡನ್ನು ವಿಜ್ಞಾನ ಓದಿದ ಬಗೆ

1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸೀಮೆ ಸುತ್ತುತ್ತ ಕಾರವಾರದ ಕಡೆ ಬಂದ ಫ್ರಾನ್ಸಿಸ್ ಬುಕಾನನ್, ಅಲ್ಲಿಯ ಕಾಡುಗಳು ಊರದೇವರ ಸೊತ್ತೆಂದು ಜನ ನಂಬಿರುವುದನ್ನು ಬರೆದುಕೊಂಡ. ದೇವರ ಪೂಜೆ ಮಾಡುವ ಊರಗೌಡನ ಅಪ್ಪಣೆ ಇಲ್ಲದೆ ಮರಕ್ಕೆ ಕೊಡಲಿ ಹಾಕುವಂತಿರಲಿಲ್ಲ. ಅಪ್ಪಣೆಗೆ ಹಣ ಕೊಡಬೇಕಿರಲಿಲ್ಲ, ಕೇಳಬೇಕಿತ್ತು ಅಷ್ಟೆ. ಬುಕಾನನ್ ಇದನ್ನು ಸರ್ಕಾರದ ಹಕ್ಕನ್ನು ತಪ್ಪಿಸಲು ಹೂಡಿದ ಉಪಾಯವೆಂದು ತೀರ್ಮಾನಿಸಿದ. ದೇವರಕಾಡಿನ ಅಧ್ಯಯನದ ಚರಿತ್ರೆ ಇಂಥ ಒಂದು ಅನುಮಾನದಿಂದ ಶುರುವಾಗುತ್ತದೆ. ಅವನು ಕಣ್ಣಾರೆ ಕಂಡ ಅಪ್ಪಣೆಯ ಪದ್ಧತಿಯನ್ನು ವಿದ್ವಾಂಸರು ಗಂಭೀರವಾಗಿ ಪರಿಶೀಲಿಸಲು ಮುಂದೆ ಸುಮಾರು ನೂರೆಪ್ಪತ್ತು ವರ್ಷ ಹಿಡಿಯಿತು.

ನಡುವೆ ಅರಣ್ಯ ಇಲಾಖೆಯವರು ಬರೆದದ್ದು ಸ್ವಲ್ಪವೇ. 1868ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾನುಗಳ ಬಗ್ಗೆ ವರದಿ ಕೊಟ್ಟರು. ಕಾಳುಮೆಣಸಿನ ಬಳ್ಳಿ ಹಬ್ಬಿದ, ನೀರಿನ ಸೆಲೆ ಬತ್ತದ ಆ ನಿತ್ಯಹರಿದ್ವರ್ಣದ ತುಂಡುಗಳಲ್ಲಿ ಚೌಡಿ, ಜಟಕ, ಹುಲಿದೇವರು ನೆಲೆಸಿದ್ದರು. ಊರಿನವರ ಮೆಣಸಿನ ಕೊಯ್ಲೂ ಅಲ್ಲೇ ನಡೆಯುತ್ತಿತ್ತು. ಭಾರತದ ಬಹುತೇಕ ಎಲ್ಲ ಪ್ರಾಂತ್ಯಗಳಲ್ಲೂ ಪವಿತ್ರವನಗಳನ್ನು ಕಂಡಿದ್ದ ಬ್ರಾಂಡಿಸ್ 1897ರಲ್ಲಿ ಕೊಡಗಿನ ದೇವರಕಾಡುಗಳನ್ನು ಹೆಸರಿಸಿಯೇ ಬರೆದ. ಆದರೆ ಅದೇ ಇಲಾಖೆಯ ಆಡಳಿತದಲ್ಲಿ ಕಾನುಗಳು ಮೀಸಲು ಅರಣ್ಯಕ್ಕೆ ಸೇರಿ, ಅವನ್ನು ಕಾಯುತ್ತಿದ್ದ ಊರಿನ ಕೈತಪ್ಪಿದವು.

ತಿರುವು ಬಂದದ್ದು 1970ರ ದಶಕದಲ್ಲಿ. ಪುಣೆಯ ಸುತ್ತಲಿನ ಗ್ರಾಮದೇವತೆಗಳ ನೆಲೆಗಳ ಬಗ್ಗೆ ಡಿ.ಡಿ. ಕೋಸಂಬಿ 1962ರಲ್ಲೇ ಬರೆದಿದ್ದರು. ಆ ಜಾಡು ಹಿಡಿದ ಪರಿಸರವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಸ್ಯವಿಜ್ಞಾನಿ ವಿ.ಡಿ. ವಾರ್ತಕ್ ಮಹಾರಾಷ್ಟ್ರದಲ್ಲಿ ದೇವರಾಯಿ ಎನ್ನುವ ದೇವರಕಾಡುಗಳನ್ನು ಹುಡುಕಿ ನಡೆದು, ಪಶ್ಚಿಮ ಘಟ್ಟದ ಪವಿತ್ರವನಗಳ ಬಗೆಗಿನ ತಮ್ಮ ಪ್ರಬಂಧವನ್ನು 1976ರಲ್ಲಿ ಪ್ರಕಟಿಸಿದರು. ಈ ವನಗಳು ಸಂರಕ್ಷಣೆಯ ಹಳೆಯ ಪದ್ಧತಿಯೆಂಬ ಮಾತು ವಿಜ್ಞಾನದ ಭಾಷೆಯಲ್ಲಿ ನೆಲೆಯೂರಿದ್ದು ಆಗ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಮುಖ್ಯ ಹೆಜ್ಜೆ ಅದು. ಮೂಢನಂಬಿಕೆ ಎಂದು ಬದಿಗಿಟ್ಟಿದ್ದನ್ನು ಜ್ಞಾನವೆಂದು ಒಪ್ಪುವ ಧೈರ್ಯ ಅದರಲ್ಲಿತ್ತು.

ಉತ್ತರ ಕನ್ನಡದಲ್ಲಿ ಈ ಕೆಲಸವನ್ನು ಎಂ.ಡಿ. ಸುಭಾಷ್ ಚಂದ್ರನ್ ಹಲವು ದಶಕ ಮುಂದುವರಿಸಿದರು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಅವರ ಅಧ್ಯಯನದ ಮುಖ್ಯ ನೆಲೆಗಳಲ್ಲೊಂದು. ಅಲ್ಲಿಯ ರಾಮಪತ್ರೆ ಜಡ್ಡಿಗೆ, ಅಂದರೆ ರಾಮಪತ್ರೆ ಮರಗಳ ಜೌಗಿಗೆ, ಇಳಿದರೆ ಕಾಲು ಕೆಸರಿನಲ್ಲಿ ಹೂಳುತ್ತದೆ. ಒಂದು ಜಾತಿಯ ಮರ ಕಾಂಡದಿಂದ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟಿದ್ದರೆ, ಇನ್ನೊಂದರ ಬೇರು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಗೆ ಹೋಗುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಾಳಿ ಸಿಗದ ಬೇರಿಗೆ ಅದೇ ಉಸಿರಾಟದ ದಾರಿ. ಇಂಥ ಜೌಗಿನಲ್ಲೇ ಗೇರಿನ ಕುಟುಂಬಕ್ಕೆ ಸೇರಿದ ಹೊಸ ಮರವೊಂದು ಸಿಕ್ಕಿತು. 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಅದನ್ನು ಲೋಕಕ್ಕೆ ಪರಿಚಯಿಸಿ, ಊರಿನ ಹೆಸರಿನಲ್ಲೇ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ಬೆಳೆದು ನಿಂತ ಮರಗಳು ತೀರ ವಿರಳ. ಜೌಗನ್ನು ಅಡಿಕೆ ತೋಟ ಮಾಡಿಬಿಟ್ಟಿದ್ದರೆ ಹೆಸರಿಡಲೂ ಒಂದು ಉಳಿಯುತ್ತಿರಲಿಲ್ಲ.

ಕೊಡಗಿನ ಕಥೆ ಬೇರೆ. ಅಲ್ಲಿ ಲೆಕ್ಕವೇ ಮಾತಾಡುತ್ತದೆ. ಸರ್ಕಾರಿ ದಾಖಲೆಯಲ್ಲಿ 1,214 ದೇವರಕಾಡುಗಳಿವೆ. ಒಂದು ಜಿಲ್ಲೆಯಲ್ಲಿ ಇಷ್ಟು ಒತ್ತಾಗಿ ಇರುವುದು ಜಗತ್ತಿನಲ್ಲೇ ಅಪರೂಪ. ಆದರೆ 1905ರಲ್ಲಿ ಸುಮಾರು 6,277 ಹೆಕ್ಟೇರ್ ಇದ್ದ ವಿಸ್ತೀರ್ಣ 1985ರ ಹೊತ್ತಿಗೆ 2,550 ಹೆಕ್ಟೇರಿಗೆ ಇಳಿದಿತ್ತು. ಆ ನಡುವಿನ ದಶಕಗಳಲ್ಲಿ ಇವು ಕಂದಾಯ ಇಲಾಖೆಯ ವಶದಲ್ಲಿದ್ದವು. ಅಕ್ಕಪಕ್ಕದ ಕಾಫಿತೋಟದ ಬೇಲಿ ವರ್ಷವರ್ಷ ಒಳಗೆ ಸರಿಯುತ್ತಿತ್ತು.

ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಸಿ.ಜಿ. ಕುಶಾಲಪ್ಪ ಮತ್ತು ಆಕ್ಸ್‌ಫರ್ಡ್‌ನಿಂದ ಬಂದ ಶೋನಿಲ್ ಭಾಗವತ್ ಅವರ ತಂಡ ಕೊಡಗಿನ 58 ತಾಣಗಳನ್ನು ಹೋಲಿಸಿ ನೋಡಿತು: ಮೀಸಲು ಅರಣ್ಯದಲ್ಲಿ 10, ದೇವರಕಾಡು 25, ಕಾಫಿತೋಟ 23. ಮರ, ಹಕ್ಕಿ, ಅಣಬೆ ಮೂರನ್ನೂ ಲೆಕ್ಕಕ್ಕೆ ಹಿಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶ ದೇವರಕಾಡೇ ಮೇಲು ಎನ್ನುವವರ, ಮೀಸಲು ಅರಣ್ಯವೇ ಸಾಕು ಎನ್ನುವವರ, ಇಬ್ಬರ ಬಾಯಿಯನ್ನೂ ಮುಚ್ಚಿಸುವಂಥದ್ದು. ಘಟ್ಟಕ್ಕೇ ಸೀಮಿತವಾದ ಮರಗಳು ಮೀಸಲು ಅರಣ್ಯದಲ್ಲೇ ಹೆಚ್ಚು. ಅಳಿವಿನಂಚಿನ ಮರಗಳು ಮಾತ್ರ ದೇವರಕಾಡಿನಲ್ಲಿ ಹೆಚ್ಚು. ಹಕ್ಕಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೆರಳುಮರ ಉಳಿಸಿಕೊಂಡ ಕಾಫಿತೋಟಗಳು ನಡುವೆ ಇರುವುದರಿಂದಲೇ ಚಿಕ್ಕಚಿಕ್ಕ ದೇವರಕಾಡುಗಳು ಒಂಟಿಯಾಗಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ನೆರಳು ಕಡಿದು ಸಿಲ್ವರ್ ಓಕ್ ನೆಡುವವರು ಇದನ್ನು ಗಮನಿಸಬೇಕು.

ಮರ ಎಣಿಸುವವರಿಗೆ ಕಾಣದ್ದನ್ನು ಸಮಾಜಶಾಸ್ತ್ರಜ್ಞರು ಕಂಡರು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಗಾಗಿ ಎಂ.ಎ. ಕಲಾಂ 1996ರಲ್ಲಿ ಕೊಡಗಿನ ದೇವರಕಾಡುಗಳ ಸಾಮಾಜಿಕ ಚರಿತ್ರೆ ಬರೆದರು. ಕೇರಳದ ಕಾವುಗಳ ಬಗ್ಗೆ 1999ರಲ್ಲಿ ಬರೆದ ರಿಚ್ ಫ್ರೀಮನ್, ಜನ ಕಾಡನ್ನು ಕಾದದ್ದು ಪರಿಸರಕ್ಕಾಗಿ ಅಲ್ಲ, ಅದು ದೇವರ ಆಸ್ತಿ ಎಂಬ ಕಾರಣಕ್ಕೆ ಎಂದು ವಾದಿಸಿದರು. ದೇವರ ಕೆಲಸಕ್ಕೆ ಬೇಕೆಂದರೆ ಮರ ಕಡಿಯಲೂ ಅಡ್ಡಿಯಿರಲಿಲ್ಲ. ಈ ಮಾತು ಕಹಿಯಾದರೂ ಸರಿ. ಕೊಡಗಿನಲ್ಲೂ ಬೇಟೆ ಅಯ್ಯಪ್ಪನ ಕಾಡುಗಳಲ್ಲಿ ಹರಕೆಯ ಮಣ್ಣಿನ ನಾಯಿಗಳು ಸಾಲಾಗಿ ನಿಂತಿರುತ್ತವೆ. ಬೇಟೆಯ ದೇವರಿಗೆ ಬೇಟೆನಾಯಿಯ ಕಾಣಿಕೆ. ಸೂರಿಲ್ಲದೆ ಕಲ್ಲಿನ ರೂಪದಲ್ಲಿ, ಮರದ ಬುಡದಲ್ಲಿ ಇದ್ದ ಅಂಥ ದೇವರಿಗೆ ಕಾಡೇ ಗುಡಿ. ಈಗ ಹಲವೆಡೆ ಕಾಂಕ್ರೀಟ್ ಗುಡಿ, ಟೈಲ್ಸ್ ಹಾಕಿದ ಅಂಗಳ, ವಾಹನ ನಿಲ್ಲಿಸಲು ಜಾಗ ಬಂದಿವೆ. ಭಕ್ತಿ ಕಡಿಮೆಯಾಗಿಲ್ಲ. ಆದರೆ ದೇವರಿಗೆ ಸೂರು ಸಿಕ್ಕ ಮೇಲೆ ಮರದ ಅಗತ್ಯ ಕಡಿಮೆಯಾಯಿತು. ಮರಗಳ ಪಟ್ಟಿಯನ್ನು ಎಷ್ಟು ಉದ್ದ ಮಾಡಿದರೂ ಈ ನಷ್ಟದ ಕಾರಣ ಅದರಲ್ಲಿ ಸಿಗುವುದಿಲ್ಲ.

ಕಾನೂನು ನಿಧಾನವಾಗಿ ಹಿಂದೆ ಬರುತ್ತಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ದೇಶದ ಮೊದಲ ಪಾರಂಪರಿಕ ತಾಣವೆಂದು 2007ರಲ್ಲಿ ಘೋಷಣೆಯಾದದ್ದು ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆತೋಪು. ಹಳೆಯ ಗುಡಿಯ ಅವಶೇಷ ಮತ್ತು ಮುದಿ ಮರಗಳು ಒಂದೇ ನೆಲದಲ್ಲಿ ಉಳಿದಿರುವ ಜಾಗ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನದಲ್ಲಿ ಓರಣ್ ಎನ್ನುವ ಪವಿತ್ರವನಗಳನ್ನು ಸ್ಥಳಕ್ಕೆ ಹೋಗಿ ಗುರುತಿಸಿ ಅರಣ್ಯವೆಂದು ದಾಖಲಿಸಲು ಹೇಳಿತು. ಗುರುತಿಸುವುದು ಒಳ್ಳೆಯದೇ. ಹಾಗೆಂದು ಇಲಾಖೆಯ ಫಲಕ ಬಂದ ಮೇಲೆ ಊರು ಕೈಬಿಟ್ಟರೆ, ಸೊರಬದ ಕಾನುಗಳಿಗೆ ಆದದ್ದೇ ಮತ್ತೆ ಆದೀತು.

ಮುಂದಿನ ಸಂಶೋಧನೆ ಕೈಗೆತ್ತಿಕೊಳ್ಳಬೇಕಾದ ಕೆಲಸ ಇಲ್ಲಿದೆ. ಯಾವ ಕಾಡಿನಲ್ಲಿ ಬಿದ್ದ ಮರ ಯಾರಿಗೆ ಸೇರುತ್ತದೆ, ಚಪ್ಪಲಿ ಎಲ್ಲಿ ಬಿಡಬೇಕು, ಕತ್ತಿ ಒಯ್ಯಬಹುದೇ, ತಪ್ಪಿದವರಿಗೆ ಏನು ದಂಡ, ಆ ದಂಡ ವಿಧಿಸಿದ್ದು ಕೊನೆಯ ಸಲ ಯಾವಾಗ? ದೇವರ ಕಾರ್ಯದ ಉಸ್ತುವಾರಿ ನೋಡುವ ದೇವತಕ್ಕರಿಗೆ, ಪೂಜೆಗೌಡರಿಗೆ, ದೇವರು ಮೈಮೇಲೆ ಬರುವ ಪಾತ್ರಿಗಳಿಗೆ ಇದು ಬಾಯಿಪಾಠ. ಅವರಲ್ಲಿ ಹಲವರಿಗೆ ವಯಸ್ಸಾಗಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಸಸ್ಯಗಳ ಸಮೀಕ್ಷೆಗೆ ಹೋಗುವ ಪ್ರತಿ ತಂಡದಲ್ಲೂ ಈ ಕಟ್ಟುಪಾಡುಗಳನ್ನು ಕೇಳಿ ಬರೆದುಕೊಳ್ಳುವವರೊಬ್ಬರು ಈ ವರ್ಷದಿಂದಲೇ ಇರಬೇಕು, ಬರೆದದ್ದರ ಒಂದು ಪ್ರತಿ ಆ ಊರಿಗೇ ಸಿಗಬೇಕು.