ಟ್ಯಾಪೆಟ್ ಹೊಂದಾಣಿಕೆ

ನಾಲ್ಕು ಸ್ಟ್ರೋಕ್ ಎಂಜಿನ್ನಿನ ವಾಲ್ವ್ ಪೂರ್ತಿ ಮುಚ್ಚಿರುವಾಗ ಅದರ ಕಾಂಡದ ತುದಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವೆ ಇರಬೇಕಾದ ಸಂದನ್ನು ಅಳೆದು, ತಯಾರಕರು ಗೊತ್ತುಮಾಡಿದ ಅಳತೆಗೆ ತರುವ ಕೆಲಸ. ಗ್ಯಾರೇಜಿನವರ ಮಾತಿನಲ್ಲಿ ಟ್ಯಾಪೆಟ್ ಸೆಟ್ಟಿಂಗ್. 100ರಿಂದ 150 ಸಿಸಿಯ ಬೈಕುಗಳಲ್ಲಿ ಈ ಸಂದು ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಆಸುಪಾಸು, ಬರೆಯುವ ಹಾಳೆಯ ದಪ್ಪ, ಇಲ್ಲವೇ ಅದರ ಅರ್ಧ. ಆಯಾ ಬೈಕಿನ ಕೈಪಿಡಿಯಲ್ಲಿರುವ ಅಂಕಿಯೇ ಪ್ರಮಾಣ. ಪಕ್ಕದ ಮನೆಯ ಬೈಕಿನ ಲೆಕ್ಕ ಇಲ್ಲಿಗೆ ಬರುವುದಿಲ್ಲ.

ಸಂದು ಬೇಕಾಗುವುದು ಶಾಖದಿಂದಾಗಿ. ಎಂಜಿನ್ ಕಾದಂತೆ ವಾಲ್ವಿನ ಕಾಂಡವೂ ಸಿಲಿಂಡರ್ ಹೆಡ್ಡೂ ಹಿಗ್ಗುತ್ತವೆ, ಆದರೆ ಎರಡೂ ಸಮನಾಗಿ ಹಿಗ್ಗುವುದಿಲ್ಲ. ಇನ್‌ಲೆಟ್ ವಾಲ್ವನ್ನು ಒಳಬರುವ ತಣ್ಣನೆಯ ಗಾಳಿ-ಪೆಟ್ರೋಲು ಮಿಶ್ರಣ ತಂಪಾಗಿಡುತ್ತದೆ. ಎಗ್ಸಾಸ್ಟ್ ವಾಲ್ವಿಗೆ ಆ ಭಾಗ್ಯವಿಲ್ಲ. ಉರಿದ ಅನಿಲವೆಲ್ಲ ಅದನ್ನು ಸವರಿಕೊಂಡೇ ಹೊರಗೆ ಹೋಗಬೇಕು. ಹಾಗಾಗಿ ಎಷ್ಟೋ ಎಂಜಿನ್ನುಗಳಲ್ಲಿ ಎಗ್ಸಾಸ್ಟ್ ಕಡೆಗೆ ಹೆಚ್ಚು ಸಂದು ಕೊಟ್ಟಿರುತ್ತಾರೆ. ನಿಮಿಷಕ್ಕೆ 6,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ವಾಲ್ವಿನ ತಲೆಗೆ ತಗುಲಿದ ಶಾಖದ ಬಹುಪಾಲು ಸೀಟಿನ ಮೂಲಕ ಹೆಡ್ಡಿಗೆ ಇಳಿಯಬೇಕಾದದ್ದು ಅದು ಮುಚ್ಚಿ ಕೂತಿರುವ ಆ ಅಷ್ಟು ಹೊತ್ತಿನಲ್ಲೇ.

ಟ್ಯಾಪೆಟ್ ಸಡಿಲವಾದರೆ ಟಿಕ್ ಟಿಕ್ ಸದ್ದು ಕೇಳುತ್ತದೆ. ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಎಳೆತ ಕೊಂಚ ಕುಗ್ಗುತ್ತದೆ, ಬಹುಕಾಲ ಹಾಗೇ ಬಿಟ್ಟರೆ ಕಾಂಡದ ತುದಿಯೂ ರಾಕರಿನ ತುದಿಯೂ ಜಜ್ಜಿಹೋಗುತ್ತವೆ. ಬಿಗಿಯಾದರೆ ಯಾವ ಸದ್ದೂ ಇಲ್ಲ. ಎಂಜಿನ್ ಕಾದಾಗ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಐಡ್ಲಿಂಗ್ ಏರುಪೇರಾಗುತ್ತದೆ, ಬಿಸಿ ಎಂಜಿನ್ ಮತ್ತೆ ಸ್ಟಾರ್ಟಾಗಲು ಸತಾಯಿಸುತ್ತದೆ. ಕೊನೆಗೆ ಎಗ್ಸಾಸ್ಟ್ ವಾಲ್ವಿನ ಅಂಚು ಸುಟ್ಟುಹೋಗಿ ಹೆಡ್ ಬಿಚ್ಚಬೇಕಾಗುತ್ತದೆ. ಕ್ಯಾಮ್, ರಾಕರ್ ಸವೆದರೆ ಸಂದು ಹಿಗ್ಗುತ್ತದೆ. ವಾಲ್ವ್ ಬಡಿದು ಬಡಿದು ಸೀಟಿನೊಳಕ್ಕೆ ಇಳಿದರೆ ಕಾಂಡ ಮೇಲಕ್ಕೆದ್ದು ಸಂದು ಕುಗ್ಗುತ್ತದೆ. ಹೀಗಿರುವಾಗ ‘ಸೌಂಡ್ ಬರ್ತಿದೆ, ಟೈಟ್ ಮಾಡಿ’ ಎಂದು ಗಿರಾಕಿ ಕೇಳುವುದು, ಮೆಕ್ಯಾನಿಕ್ ಕಿವಿಯಿಂದಲೇ ಅಳೆದು ಸದ್ದಡಗಿಸಿ ಕಳಿಸುವುದು ಎಂಜಿನ್ನಿಗೆ ಒಳ್ಳೆಯದಲ್ಲ. ಕೈಪಿಡಿ ಒಂದು ವ್ಯಾಪ್ತಿ ಕೊಟ್ಟಿದ್ದರೆ ಸಡಿಲದ ತುದಿಗೆ ಹತ್ತಿರ ಇಡುವುದೇ ಕ್ಷೇಮ.

ಎಲ್ಲ ಬೈಕಿಗೂ ಈ ಕೆಲಸ ಇಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳು ಎರಡು ಸ್ಟ್ರೋಕಿನವು. ಅವುಗಳಲ್ಲಿ ದ್ವಾರಗಳನ್ನು ಪಿಸ್ಟನ್ನೇ ತೆರೆದು ಮುಚ್ಚುವುದರಿಂದ ಟ್ಯಾಪೆಟ್ಟಿನ ಮಾತೇ ಬರುವುದಿಲ್ಲ. ಹಳೆಯ ಎರಕದ ಕಬ್ಬಿಣದ ಬುಲೆಟ್ಟಿನಲ್ಲಿ ಸಿಲಿಂಡರಿನ ಬಲಬದಿಯ ಮುಚ್ಚಳ ತೆಗೆದು, ಪುಶ್‌ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು ಆದರೆ ಮೇಲೆ ಕೆಳಗೆ ಆಡಬಾರದು ಎಂಬ ಹದಕ್ಕೆ ತರುತ್ತಿದ್ದರು. ಅನಂತರದ ಯುಸಿಇ ಎಂಜಿನ್ನಿನ ಬುಲೆಟ್, ಕ್ಲಾಸಿಕ್‌ಗಳಲ್ಲಿ ಆಯಿಲಿನ ಒತ್ತಡದಿಂದ ತಾನೇ ಸರಿಹೊಂದುವ ಹೈಡ್ರಾಲಿಕ್ ಟ್ಯಾಪೆಟ್ ಬಂತು.

ರಾಕರಿನ ತುದಿಯಲ್ಲಿ ಸ್ಕ್ರೂ ಇರುವ ಬೈಕಾದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಎಂಜಿನ್ ತಣ್ಣಗಿರಬೇಕು, ರಾತ್ರಿಯಿಡೀ ನಿಲ್ಲಿಸಿ ಬೆಳಗ್ಗೆ ಕೈಹಾಕುವುದು ಉತ್ತಮ. ಮೊದಲು ಸುತ್ತಲಿನ ಧೂಳು ಒರೆಸಿ, ಸ್ಪಾರ್ಕ್ ಪ್ಲಗ್ಗನ್ನೂ ಹೆಡ್ಡಿನ ಟ್ಯಾಪೆಟ್ ಮುಚ್ಚಳಗಳನ್ನೂ ಮ್ಯಾಗ್ನೆಟ್ ಕವರಿನ ಎರಡು ಬಿರಡೆಗಳನ್ನೂ ಬಿಚ್ಚಬೇಕು. ಕ್ರ್ಯಾಂಕಿನ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಬೇಕು. ಇಲ್ಲವಾದರೆ ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿನಲ್ಲಿಟ್ಟು, ಹಿಂದಿನ ಗಾಲಿಯನ್ನು ಮುಂದಕ್ಕೆ ತಿರುಗಿಸಿದರೂ ಆದೀತು. ಇನ್‌ಲೆಟ್ ರಾಕರ್ ಕೆಳಗಿಳಿದು ಮತ್ತೆ ಮೇಲೆದ್ದ ಮೇಲೆ ನಿಧಾನಿಸಿ, ಫ್ಲೈವೀಲಿನ ‘ಟಿ’ ಗುರುತನ್ನು ಕವರಿನ ಕಚ್ಚಿಗೆ ಸೇರಿಸಬೇಕು. ಆಗ ಪಿಸ್ಟನ್ ಕಂಪ್ರೆಷನ್ನಿನ ತುತ್ತತುದಿಯಲ್ಲಿದ್ದು ಎರಡೂ ರಾಕರುಗಳು ಬೆರಳಿಗೆ ಕೊಂಚ ಆಡುತ್ತವೆ. ಹೊಸಬರು ಎಡವುವುದು ಇಲ್ಲೇ. ‘ಟಿ’ ಗುರುತು ಎಗ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲೂ ಬರುತ್ತದೆ, ಆಗ ಎರಡೂ ವಾಲ್ವ್ ಅರೆತೆರೆದಿರುತ್ತವೆ. ರಾಕರ್ ಬಿಗಿಯಾಗಿ ಕೂತಿದ್ದರೆ ಇನ್ನೊಂದು ಪೂರ್ತಿ ಸುತ್ತು ಹಾಕಿ ಪುನಃ ನೋಡಬೇಕು. ಆಗಲೂ ಬಿಗಿಯಿದ್ದರೆ ಸಂದು ಇಲ್ಲವಾಗಿದೆ ಎಂದರ್ಥ.

ಹೇಳಿದ ಅಳತೆಯ ಫೀಲರ್ ಗೇಜ್ ಎಲೆಗೆ ತುಸು ಆಯಿಲ್ ಸವರಿ ಸಂದಿನಲ್ಲಿ ತೂರಿಸಿದರೆ ಅದು ಹಗುರವಾಗಿ ಹಿಡಿದಂತಾಗಿ ಜಾರಬೇಕು. ಒಂದು ಅಳತೆ ಹೆಚ್ಚಿನ ಎಲೆ ಹೋಗಲೇಬಾರದು. ಸರಿಯಿದ್ದರೆ ಮುಟ್ಟದೆ ಮುಚ್ಚಬೇಕು. ಇಲ್ಲದಿದ್ದರೆ ಎಲೆಯನ್ನು ಅಲ್ಲೇ ಬಿಟ್ಟು, ಲಾಕ್‌ನಟ್ ಸಡಿಲಿಸಿ, ಸ್ಕ್ರೂ ತಿರುಗಿಸಿ ಹದಕ್ಕೆ ತಂದು, ಸ್ಕ್ರೂ ಅಲುಗದಂತೆ ಹಿಡಿದು ನಟ್ ಬಿಗಿಯಬೇಕು. ಬಿಗಿಯುವಾಗ ಸಂದು ಬದಲಾಗುವುದು ಮಾಮೂಲು. ಮರೆ 0.5 ಮಿ.ಮೀ. ಇರುವ ಸ್ಕ್ರೂ ಸುತ್ತಿನ ಹತ್ತನೇ ಒಂದು ಪಾಲು ತಿರುಗಿದರೂ 0.05 ಮಿ.ಮೀ. ವ್ಯತ್ಯಾಸ ಬೀಳುತ್ತದೆ, ಅಂದರೆ ಕೆಲವು ಬೈಕುಗಳಲ್ಲಿ ಇಡೀ ಸಂದೇ ಮಾಯ. ಆದ್ದರಿಂದ ಬಿಗಿದ ಮೇಲೆ ಅಳೆಯಬೇಕು, ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಬೇಕು. ಸವೆದ ತುದಿಯಲ್ಲಿ ಕುಳಿ ಬಿದ್ದಿದ್ದರೆ ಚಪ್ಪಟೆ ಎಲೆ ಕುಳಿಯ ಮೇಲೆ ಸೇತುವೆಯಂತೆ ನಿಂತು ಸಂದನ್ನು ಕಡಿಮೆ ತೋರಿಸುತ್ತದೆ. ಸೆಟ್ ಮಾಡಿದರೂ ಸದ್ದು ಹೋಗದಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಒಂದೇ ಕವಲು ರಾಕರ್ ಎರಡು ವಾಲ್ವುಗಳನ್ನು ಒತ್ತುವ ಎಂಜಿನ್ನಿನಲ್ಲಿ ಎರಡು ಎಲೆಗಳನ್ನು ಒಟ್ಟಿಗೇ ತೂರಿಸಬೇಕು. ಮುಚ್ಚಳದ ಓ-ರಿಂಗ್ ಗಡುಸಾಗಿದ್ದರೆ ಬದಲಿಸದೆ ಹಾಕಿದಲ್ಲಿ ಆಯಿಲ್ ಜಿನುಗುತ್ತದೆ.

ಕೆಟಿಎಂ 390ರಂಥ ಎರಡು ಕ್ಯಾಮ್‌ಶಾಫ್ಟಿನ ಎಂಜಿನ್ನುಗಳಲ್ಲಿ ಸ್ಕ್ರೂ ಇರುವುದಿಲ್ಲ. ಅಳತೆಯ ಶಿಮ್ ಬಿಲ್ಲೆಗಳನ್ನು ಬದಲಿಸಬೇಕು. ಹಳೆಯ ಬಿಲ್ಲೆಯ ದಪ್ಪಕ್ಕೆ ಸಿಕ್ಕ ಸಂದನ್ನು ಕೂಡಿಸಿ, ಬೇಕಾದ ಸಂದನ್ನು ಕಳೆದರೆ ಹೊಸದರ ದಪ್ಪ ಬರುತ್ತದೆ. ಬಿಲ್ಲೆ 2.40, ಸಿಕ್ಕಿದ್ದು 0.08, ಬೇಕಾದದ್ದು 0.15 ಎಂದಾದರೆ ಲೆಕ್ಕ 2.33ಕ್ಕೆ ನಿಲ್ಲುತ್ತದೆ, 0.05ರ ಹೆಜ್ಜೆಯಲ್ಲಿ ದೊರೆಯುವ 2.35 ಹಾಕಿದರೆ ಸಂದು 0.13 ಆಗುತ್ತದೆ. ಅಳೆಯುವುದು ಮನೆಯಲ್ಲೂ ಸಾಧ್ಯ. ಬದಲಿಸಲು ಮಾತ್ರ ಬಹುತೇಕ ಎಂಜಿನ್ನುಗಳಲ್ಲಿ ಚೈನ್ ಟೆನ್ಷನರ್, ಕ್ಯಾಮ್‌ಶಾಫ್ಟ್ ಎರಡನ್ನೂ ಕಳಚಬೇಕಾಗುತ್ತದೆ, ಮರುಜೋಡಿಸುವಾಗ ಟೈಮಿಂಗ್ ಹಲವು ಹಲ್ಲು ತಪ್ಪಿದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗಬಹುದು.